ಅಬ್ಬರದ ಹಿಂದಿನ ಅಭ್ಯಾಸ

2025ರ ಸೆಪ್ಟೆಂಬರ್ ತಿಂಗಳ ನಡುವಿನ ಒಂದು ದಿನ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಹಳಗನ್ನಡದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತು, ಮಧ್ಯಾಹ್ನದ ತರಗತಿಗೆ ತಾನು ಬರಲಾರೆನೆಂದು ಹೇಳಿದ. ಕಾರಣ ಕೇಳಿದೆ. “ನಮ್ಮವರೊಬ್ಬರು ತೀರಿಕೊಂಡರು ಸಾರ್” ಎಂದ. ಹುಡುಗನ ಮುಖ ನಿಜವಾಗಿಯೂ ಬಾಡಿತ್ತು. ಯಾರಪ್ಪ, ಅಜ್ಜನೊ ಸೋದರಮಾವನೊ ಎಂದು ವಿಚಾರಿಸಿದರೆ, ತೀರಿಕೊಂಡವರು ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದ ಟೋಮಾಸ್ ಲಿಂಡ್‌ಬರ್ಗ್ ಎಂಬ ಗಾಯಕರೆಂದು ತಿಳಿಯಿತು. ‘ಅಟ್ ದ ಗೇಟ್ಸ್’ ಎಂಬ ತಂಡದವರು; ಸೆಪ್ಟೆಂಬರ್ 16ರಂದು, 52ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಕಾಲವಾಗಿದ್ದರು. ರಜೆ ಕೊಡದಿರುವುದಕ್ಕೆ ನನ್ನಲ್ಲಿ ಸಾಕಷ್ಟು ಕಾರಣಗಳಿದ್ದುವು. ಆದರೆ ಹುಡುಗ ಸೇರಿಸಿದ ಇನ್ನೊಂದು ಮಾತು ನನ್ನ ಬಾಯಿ ಕಟ್ಟಿತು: “ಅವರೂ ಮೇಷ್ಟ್ರೇ ಸಾರ್. ಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ರು.”

ನನ್ನ ಪೂರ್ವಗ್ರಹವನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಮೆಟಲ್ ಎಂದು ಕರೆಯುವ ಈ ಸಂಗೀತದ ಹೆಸರೆತ್ತಿದರೆ ನನಗೆ ನೆನಪಾಗುತ್ತಿದ್ದುದು 2007ರ ಮಾರ್ಚ್ 17ರ ಸಂಜೆ ಮಾತ್ರ. ಅಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ‘ಐರನ್ ಮೇಡನ್’ ತಂಡದ ಕಛೇರಿ. ಮೇಕ್ರಿ ವೃತ್ತದ ಬಳಿ ಬಸ್ಸಿನಲ್ಲಿ ಸಿಕ್ಕಿಕೊಂಡು, ಕರಿಯ ಅಂಗಿಗಳ ಪ್ರವಾಹವೊಂದು ಹರಿದುಹೋಗುವುದನ್ನು ನೋಡುತ್ತ ಕುಳಿತಿದ್ದೆ. ಎಂ.ಎ. ಮುಗಿಸಿದ ಹೊಸತು, ಪಂಪನನ್ನು ಓದಿದವನಿಗೆ ಲೋಕದ ಮೇಲೆ ತೀರ್ಪು ಕೊಡುವ ಅಧಿಕಾರ ತಾನಾಗಿ ಬಂದುಬಿಡುತ್ತದೆಂದು ನಂಬಿದ್ದ ಕಾಲ. ಇದು ಸಂಗೀತವಲ್ಲ, ಸಿರಿವಂತರ ಮಕ್ಕಳ ಹುಚ್ಚಾಟ ಎಂದು ಅಂದೇ ತೀರ್ಪು ಬರೆದು, ಆ ಕಡತವನ್ನು ಮತ್ತೆ ತೆರೆಯದೆ ಹದಿನೆಂಟು ವರ್ಷ ಕಳೆದಿದ್ದೆ. ನನ್ನ ಮುಂದೆ ನಿಂತಿದ್ದ ಹುಡುಗನಾದರೊ ಸಿರಿವಂತರ ಮಗನಲ್ಲ, ವಿದ್ಯಾರ್ಥಿನಿಲಯದಲ್ಲಿದ್ದು ಓದುವವನು. ಮೇಲಾಗಿ ತರಗತಿಯಲ್ಲಿ ರಗಳೆಯ ಮಾತ್ರಾಗಣಗಳನ್ನು ತಪ್ಪಿಲ್ಲದೆ ವಿಭಾಗಿಸುವ ಇಬ್ಬರು ಮೂವರಲ್ಲಿ ಅವನೊಬ್ಬ.

ಮುಂದಿನ ವಾರ ಅವನು ಫೋನನ್ನೂ ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯನ್ನೂ ತಂದುಕೊಟ್ಟ. ಲಿಂಡ್‌ಬರ್ಗರ ಹಾಡುಗಳನ್ನೇ ಮೊದಲು ಕೇಳಿಸಿದರೆ ಮೇಷ್ಟ್ರು ಓಡಿಹೋದಾರೆಂಬ ವಿವೇಕದಿಂದ, ಅದೇ ಊರಿನ, ಅದೇ ಪೀಳಿಗೆಯ ಇನ್ನೊಂದು ತಂಡವನ್ನು ಆರಿಸಿದ್ದ. ತಂಡದ ಹೆಸರು ‘ಡಾರ್ಕ್ ಟ್ರಾಂಕ್ವಿಲಿಟಿ’. ಕತ್ತಲ ಪ್ರಶಾಂತಿ ಎಂದು ಕನ್ನಡಿಸಬಹುದು. 1995ರ ನವೆಂಬರಿನಲ್ಲಿ ಹೊರಬಂದ ಅವರ ಎರಡನೆಯ ಆಲ್ಬಂ, ‘ದಿ ಗ್ಯಾಲರಿ’. ಹನ್ನೊಂದು ರಚನೆಗಳು, ಮುಕ್ಕಾಲು ಗಂಟೆಗೆ ತುಸು ಹೆಚ್ಚು. ಬಲ್ಲವರು ಈ ಪ್ರಕಾರವನ್ನು ಮೆಲೋಡಿಕ್ ಡೆತ್ ಮೆಟಲ್ ಎನ್ನುತ್ತಾರೆ. ಆ ಮೂರು ಪದಗಳಲ್ಲಿ ಮೊದಲನೆಯದು ಉಳಿದೆರಡರ ಜತೆ ಏಕೆ ಸಂಸಾರ ಮಾಡುತ್ತಿದೆ ಎಂಬುದೇ ನನ್ನ ಕುತೂಹಲವಾಗಿತ್ತು.

ಮೊದಲ ಸಲ ನಾಲ್ಕು ನಿಮಿಷ ಕೇಳಿ ತಂತಿ ಕಿತ್ತಿಟ್ಟೆ. ಪೀಠಿಕೆ ಗೀಠಿಕೆ ಒಂದೂ ಇಲ್ಲದೆ ಮೊದಲ ಹಾಡು ಓಡತೊಡಗುತ್ತದೆ. ನಗಾರಿಗಳ ಹೊಡೆತ ಲೆಕ್ಕಕ್ಕೆ ಸಿಗುವುದಿಲ್ಲ. ಗಿಟಾರುಗಳು ಗರಗಸದಂತೆ ಕೊರೆಯುತ್ತವೆ. ಇದರ ಮೇಲೆ ಒಬ್ಬ ಮನುಷ್ಯ ಹಾಡದೆ ಗರ್ಜಿಸುತ್ತಾನೆ. ಎರಡನೆಯ ಸಲ, ರಾತ್ರಿ ಮನೆಮಂದಿ ಮಲಗಿದ ಮೇಲೆ, ಗರ್ಜನೆಯನ್ನು ಕಿವಿಯಿಂದ ಆಚೆ ಸರಿಸಿ ಗಿಟಾರುಗಳನ್ನಷ್ಟೇ ಹಿಂಬಾಲಿಸಿದೆ. ಆಗ ಒಂದು ಬಾಗಿಲು ತೆರೆಯಿತು. ಎರಡು ಗಿಟಾರುಗಳು ಒಂದೇ ಮಾತನ್ನು ನುಡಿಯುತ್ತಿಲ್ಲ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಒಂದು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಎರಡೂ ಕೂಡಿ ನಡೆಯುವಾಗ ನಡುವಣ ಅಂತರವನ್ನು ಸ್ವರದ ಲೆಕ್ಕದಲ್ಲಿ ಕಾಯ್ದುಕೊಳ್ಳುತ್ತವೆ. ಆ ಧಾಟಿಗಳು ಒಂದೊಂದೂ ಶೋಕದ ಛಾಯೆಯವು. ನಿಧಾನವಾಗಿ ಪಿಟೀಲಿನಲ್ಲಿ ನುಡಿಸಿದರೆ ಲಾಲಿಯಾಗಬಲ್ಲ, ಚರಮಗೀತೆಯಾಗಬಲ್ಲ ಧಾಟಿಗಳನ್ನು ಈ ಹುಡುಗರು ಬಿರುಗಾಳಿಯ ವೇಗಕ್ಕೆ ಕಟ್ಟಿದ್ದಾರೆ. ‘ಲೀಥಿ’ ಎಂಬ ಹಾಡಿನಲ್ಲಿ ಇದು ತೀರ ಸ್ಪಷ್ಟ. ಗ್ರೀಕರ ಪುರಾಣದಲ್ಲಿ ಲೀಥಿ ಎಂಬುದು ಮರೆವಿನ ಹೊಳೆ. ಸತ್ತವರು ಅದರ ನೀರು ಕುಡಿದು ಬದುಕಿದ್ದುದನ್ನೆಲ್ಲ ಮರೆಯುತ್ತಾರೆ. ಆ ಹಾಡು ಮಂದ್ರದ ಬಾಸ್ ಗಿಟಾರೊಂದರ ಒಂಟಿ ನುಡಿತದಿಂದ ಮೊದಲಾಗುತ್ತದೆ. ನೀರು ಇನ್ನೂ ನಿಂತಂತಿರುವಾಗಲೇ, ಒಮ್ಮೆಗೆ ಕಟ್ಟೆ ಒಡೆಯುತ್ತದೆ.

ಗರ್ಜನೆಯ ವಿಚಾರ. ಈ ಸಂಗೀತದಿಂದ ಶಿಷ್ಟರು ದೂರ ಸರಿಯುವುದು ಇದರಿಂದಲೇ. ಆದರೆ ಕರಾವಳಿಯಲ್ಲಿ ಹುಟ್ಟಿದ ನನಗೆ ನಾಚಿಕೆಯಾಗಬೇಕಿತ್ತು. ಚಿಕ್ಕಂದಿನಲ್ಲಿ ಬಯಲಾಟದ ಗದ್ದೆಯಲ್ಲಿ ಚಾಪೆಯ ಮೇಲೆ ತೂಕಡಿಸುತ್ತಿದ್ದ ನಮ್ಮನ್ನು ನಡುರಾತ್ರಿಯಲ್ಲಿ ಎಬ್ಬಿಸುತ್ತಿದ್ದುದು ಯಾವುದು? ತೆರೆಯ ಹಿಂದಿನಿಂದ ಬರುತ್ತಿದ್ದ ಬಣ್ಣದ ವೇಷದ ಅಬ್ಬರ. ಆ ಆರ್ಭಟವನ್ನು ಯಾರೂ ಹುಚ್ಚೆನ್ನಲಿಲ್ಲ. ಅದೊಂದು ವಿದ್ಯೆಯೆಂದೂ, ಗಂಟಲು ಕೆಡದಂತೆ ರಾತ್ರಿಯಿಡೀ ಅಬ್ಬರಿಸಲು ವರ್ಷಗಳ ಸಾಧನೆ ಬೇಕೆಂದೂ ಊರ ಮುದುಕರಿಗೆ ಗೊತ್ತಿತ್ತು. ‘ದಿ ಗ್ಯಾಲರಿ’ಯ ಗಾಯಕ ಮಿಕಾಯೆಲ್ ಸ್ಟಾನೆಗೂ ಈ ವಿದ್ಯೆ ಒಂದೇ ದಿನಕ್ಕೆ ಬಂದುದಲ್ಲ. ಮೊದಲು ಅವರು ಇದೇ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು. 1993ರಲ್ಲಿ ಮೊದಲ ಆಲ್ಬಂ ಬಂದ ಮೇಲೆ ಗಾಯಕ ತಂಡ ಬಿಟ್ಟುದರಿಂದ ಗಿಟಾರ್ ಕೆಳಗಿಟ್ಟು ಧ್ವನಿಗೆ ಬಂದರು. ಬಿಟ್ಟುಹೋದ ಆಂಡರ್ಸ್ ಫ್ರೀಡನ್ ಅದೇ ಊರಿನ ‘ಇನ್ ಫ್ಲೇಮ್ಸ್’ ತಂಡ ಸೇರಿದರು. ಅದಕ್ಕೆ ಮುಂಚೆ ಆ ತಂಡದ ಮೊದಲ ಆಲ್ಬಮ್ಮಿಗೆ ಧ್ವನಿಕೊಟ್ಟವರು ಇದೇ ಸ್ಟಾನೆ. ನೆರೆಮನೆಗಳವರು ಹಿಟ್ಟು, ಹುಳಿ ಬದಲಾಯಿಸಿಕೊಳ್ಳುವಂತೆ ಗಾಯಕರನ್ನು ಬದಲಾಯಿಸಿಕೊಂಡ ಊರು ಅದು.

ಆ ‘ಇನ್ ಫ್ಲೇಮ್ಸ್’ ತಂಡದ ಮೊದಲ ಆಲ್ಬಂ, 1994ರದು, ಅದರಲ್ಲಿ ಹೊರ್ಗಾ ಎಂಬ ಹಳ್ಳಿಯ ಹೆಸರು ಹೊತ್ತ ಜಾನಪದ ಧಾಟಿಯೊಂದಿದೆ. ಅದರ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಹೊರ್ಗಾದಲ್ಲಿ ಒಂದು ಶನಿವಾರ ರಾತ್ರಿ ಹರೆಯದವರು ಕುಣಿಯುತ್ತಿದ್ದಾಗ ಅಪರಿಚಿತ ಪಿಟೀಲುಗಾರನೊಬ್ಬ ಬಂದನಂತೆ. ಅಂಥ ವಾದನವನ್ನು ಯಾರೂ ಕೇಳಿರಲಿಲ್ಲ. ಅವನ ಪಾದದ ಜಾಗದಲ್ಲಿ ಗೊರಸಿರುವುದು ಒಬ್ಬಳ ಕಣ್ಣಿಗೆ ಬೀಳುವ ಹೊತ್ತಿಗೆ ಯಾರಿಗೂ ಕುಣಿತ ನಿಲ್ಲಿಸಲು ಆಗುತ್ತಿರಲಿಲ್ಲ. ಕುಣಿಯುತ್ತ ಕುಣಿಯುತ್ತ ಬೆಟ್ಟವೇರಿ, ಮೂಳೆ ಮಾತ್ರ ಉಳಿಯುವವರೆಗೂ ಕುಣಿದರು. ಸ್ವೀಡನ್ನಿನ ಹಳ್ಳಿಗರು ತಲೆಮಾರುಗಳಿಂದ ಈ ಕಥೆಯನ್ನೂ ಇದರ ಧಾಟಿಯನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಮೆಟಲ್ ಎಂದರೆ ಸೈತಾನನ ಸಂಗೀತವೆಂದು ಮೂಗು ಮುರಿಯುವವರಿಗೆ, ಸೈತಾನನು ಆ ದೇಶದಲ್ಲಿ ಪಿಟೀಲು ನುಡಿಸಲು ಕಲಿತು ಬಹಳ ಕಾಲವಾಯಿತೆಂಬುದು ತಿಳಿದಿರುವುದು ಒಳ್ಳೆಯದು. ಗೋಥೆನ್‌ಬರ್ಗಿನ ಹುಡುಗರ ಶೋಕದ ಧಾಟಿಗಳಿಗೆ ಐರನ್ ಮೇಡನ್ ತಂಡದ ಜೋಡಿ ಗಿಟಾರು ಒಂದು ತವರಾದರೆ, ಈ ಪಿಟೀಲು ಇನ್ನೊಂದು.

ಸಾಹಿತ್ಯಭಾಗದ ಬಗ್ಗೆ ಕಡಮೆ ಹೇಳಿದರೆ ಸಾಕು. ಇಪ್ಪತ್ತರ ಆಸುಪಾಸಿನ ಸ್ವೀಡಿಷ್ ಹುಡುಗರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಆ ಇಂಗ್ಲಿಷೋ ನಿಘಂಟಿನ ಮಗ್ಗುಲಲ್ಲೇ ಮಲಗಿ ಎದ್ದುದು. ಸ್ವರ್ಗ, ಗಗನ, ಏದನ್ ವನ, ವಿಷಾದ ಎಂಬ ದೊಡ್ಡ ಮಾತುಗಳು ಒಂದರ ಮೇಲೊಂದು ಬಿದ್ದು ಅರ್ಥಕ್ಕೆ ಉಸಿರು ಕಟ್ಟುತ್ತದೆ. ಮೊದಲ ಕವನಸಂಕಲನ ತರುವ ನನ್ನ ವಿದ್ಯಾರ್ಥಿಗಳ ಬರಹವನ್ನು ಓದುವಾಗ ಪೆನ್ಸಿಲು ಎಲ್ಲಿ ನಿಲ್ಲುತ್ತದೊ ಅಲ್ಲೆಲ್ಲ ಇಲ್ಲಿಯೂ ನಿಂತಿತು. ಆದರೆ ಆಡಂಬರದ ಮಾತನ್ನು ಹರೆಯ ಬಿಟ್ಟರೆ ಇನ್ನಾರು ಆಡಬೇಕು? ಮಾತು ತಡವರಿಸಿದಲ್ಲಿ ಸ್ವರ ತಡವರಿಸಿಲ್ಲ ಎಂಬುದು ಮುಖ್ಯ. ರೌದ್ರದ ಸ್ಥಾಯಿ ಕ್ರೋಧ, ಕರುಣದ ಸ್ಥಾಯಿ ಶೋಕ ಎಂದು ನಾವು ಹಲಗೆಯ ಮೇಲೆ ಎರಡು ಮನೆಗಳಲ್ಲಿ ಬರೆದು ಪಾಠ ಮಾಡುತ್ತೇವೆ. ಈ ಆಲ್ಬಮ್ಮಿನಲ್ಲಿ ಕಂಠ ಒಂದು ಮನೆಯಲ್ಲಿದೆ, ಗಿಟಾರು ಇನ್ನೊಂದರಲ್ಲಿದೆ, ನಡುವಣ ಗೋಡೆ ಬಿದ್ದಿದೆ. ಸಿಟ್ಟಿನ ಒಳಗಡೆ ಅಳುವಿರುವುದನ್ನು ನಾವು ಮನೆಗಳಲ್ಲಿ ಕಂಡಿಲ್ಲವೆ?

ಇಷ್ಟು ಕೇಳಿದ ಮೇಲೆ ಮೇಷ್ಟರಿಗೆ ಏಳುವ ಪ್ರಶ್ನೆ ಒಂದೇ: ಇವರಿಗೆ ಕಲಿಸಿದವರು ಯಾರು? ತಂಡ ಕಟ್ಟಿದ್ದು 1989ರಲ್ಲಿ, ಗೋಥೆನ್‌ಬರ್ಗಿನ ಹೊರವಲಯದ ಬಿಲ್‌ಡಾಲಿನಲ್ಲಿ, ಹದಿನೈದರ ಹುಡುಗರು. ಆರು ವರ್ಷಗಳಲ್ಲಿ ಎರಡು ಗಿಟಾರುಗಳ ಸಂವಾದವನ್ನು ಈ ವೇಗದಲ್ಲಿ ಎಡವದೆ ನಡೆಸುವ ಮಟ್ಟಕ್ಕೆ ಬಂದರು. ಇವರೊಬ್ಬರೇ ಆಗಿದ್ದರೆ ಪ್ರತಿಭೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದೇ 1995ರ ನವೆಂಬರಿನಲ್ಲಿ ಲಿಂಡ್‌ಬರ್ಗರ ತಂಡದ ‘ಸ್ಲಾಟರ್ ಆಫ್ ದ ಸೋಲ್’ ಬಂತು; 1996ರ ಮೊದಲಲ್ಲಿ ‘ಇನ್ ಫ್ಲೇಮ್ಸ್’ ತಂಡದ ‘ದ ಜೆಸ್ಟರ್ ರೇಸ್’ ಬಂತು. ಮೂರೂ ಧ್ವನಿಮುದ್ರಣವಾದುದು ಫ್ರೆಡ್ರಿಕ್ ನೂರ್ಡ್‌ಸ್ಟ್ರೋಮ್ ಎಂಬವರ ಒಂದೇ ಸ್ಟುಡಿಯೋದಲ್ಲಿ. ಕೆಲವೇ ತಿಂಗಳುಗಳಲ್ಲಿ ಒಂದೇ ಊರು ಲೋಕದ ಮೆಟಲ್ ಕೇಳುಗರ ಕಿವಿಯನ್ನು ತನ್ನ ಕಡೆ ತಿರುಗಿಸಿಕೊಂಡಿತು. ಆ ಊರು ರಾಜಧಾನಿಯೂ ಅಲ್ಲ. ಮಳೆಯ, ಟ್ರಾಮಿನ, ಬಂದರಿನ ಊರು. ಹಡಗು ಕಟ್ಟುವುದರಲ್ಲಿ ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. ಎಪ್ಪತ್ತರ ದಶಕದ ಬಿಕ್ಕಟ್ಟಿನಲ್ಲಿ ಆ ಕಟ್ಟೆಗಳು ಒಂದೊಂದಾಗಿ ಮುಚ್ಚಿದುವು, ಎರಿಕ್ಸ್‌ಬರ್ಗಿನದು 1979ರಲ್ಲಿ. ಈ ಹುಡುಗರು ಬೆಳೆದುದು ಆ ಮೇಲಿನ ದಿನಗಳಲ್ಲಿ.

ಒಂದೇ ಹೊಲದಲ್ಲಿ ಇಷ್ಟು ಪೈರು ಏಳಬೇಕಾದರೆ ನೆಲವನ್ನು ನೋಡಬೇಕು. ಸ್ವೀಡನ್ನಿನಲ್ಲಿ ಆ ನೆಲದ ಹೆಸರು ಜನಶಿಕ್ಷಣ. ಅದಕ್ಕೆ ಎರಡು ಪದರ. ಒಂದು, ಪುರಸಭೆಗಳು ನಡೆಸುವ ಸಂಗೀತಶಾಲೆ: ಕಳೆದ ಶತಮಾನದ ನಡುಗಾಲದಿಂದೀಚೆಗೆ ಊರೂರಿಗೂ ಹಬ್ಬಿ, ಸಾಮಾನ್ಯರ ಮಕ್ಕಳ ಕೈಗೆ ಅಲ್ಪ ಶುಲ್ಕಕ್ಕೋ ಶುಲ್ಕವಿಲ್ಲದೆಯೋ ವಾದ್ಯ ಕೊಟ್ಟು ಕಲಿಸಿದ ಶಾಲೆಗಳು. ಇನ್ನೊಂದು, ಅಧ್ಯಯನ ಕೂಟ. ಇದರ ಚರಿತ್ರೆ ಸೊಗಸಾಗಿದೆ. 1902ರಲ್ಲಿ ಲುಂಡ್ ಪಟ್ಟಣದಲ್ಲಿ ಆಸ್ಕರ್ ಓಲ್ಸನ್ ಎಂಬ ಉಪಾಧ್ಯಾಯರು, ಪಾನನಿರೋಧ ಚಳವಳಿಯ ಕಾರ್ಯಕರ್ತರು, ನಾಲ್ಕಾರು ಜನ ಸೇರಿ ಪುಸ್ತಕ ಕೊಂಡು ಓದಿ ಚರ್ಚಿಸುವ ಒಂದು ಪದ್ಧತಿ ಹಾಕಿದರು. ಗುರು ಇಲ್ಲ, ಪರೀಕ್ಷೆ ಇಲ್ಲ, ಅಂಕ ಇಲ್ಲ. ತಮ್ಮೊಳಗೇ ಒಬ್ಬ ಮುಂದಾಳು, ಅಷ್ಟೆ. ಕುಡಿತ ಬಿಟ್ಟವರು ಸಂಜೆಯ ಹೊತ್ತನ್ನು ಏನು ಮಾಡಬೇಕೆಂಬ ಚಿಂತೆಯಿಂದ ಹುಟ್ಟಿದ ಪದ್ಧತಿ ಎಂದರೂ ತಪ್ಪಲ್ಲ. ಕಾರ್ಮಿಕರು 1912ರಲ್ಲಿ ತಮ್ಮದೇ ಶಿಕ್ಷಣ ಸಂಘ ಕಟ್ಟಿದರು. ಚರ್ಚುಗಳವರು, ರೈತರು, ಪ್ರಕೃತಿಪ್ರಿಯರು ತಮ್ಮ ತಮ್ಮ ಸಂಘಗಳನ್ನು ಕಟ್ಟಿದರು. ಸರಕಾರ ಮೊದಲು ಪುಸ್ತಕಕ್ಕೆ, ಮುಂದೆ ಕೂಟಗಳಿಗೇ ಹಣ ಕೊಡುತ್ತ ಬಂತು.

ಆಗ ಯಾರೂ ಎಣಿಸದಿದ್ದ ಒಂದು ಸಂಗತಿ ನಡೆಯಿತು. ರಾಕ್ ಸಂಗೀತದ ಕಾಲ ಬಂದಾಗ, ಕನಿಷ್ಠ ಮೂವರು ಸೇರಿ, ಒಬ್ಬನನ್ನು ಮುಂದಾಳಾಗಿ ಹೆಸರಿಸಿ, ಒಂದು ಕೋಣೆಯಲ್ಲಿ ಗಿಟಾರು ನಗಾರಿ ಬಾರಿಸಿದರೆ ಅದೂ ಅಧ್ಯಯನ ಕೂಟವೇ ಅಲ್ಲವೆ ಎಂದು ಸಂಘಗಳವರು ಕೇಳಿದರು. ಹೌದೆಂದಾಯಿತು. ನೆಲಮಾಳಿಗೆಗಳಲ್ಲಿ, ಖಾಲಿ ಬಿದ್ದ ಕಟ್ಟಡಗಳಲ್ಲಿ ತಾಲೀಮಿನ ಕೋಣೆಗಳು ತೆರೆದುವು. ಬಾಡಿಗೆ ಅಲ್ಪ, ಧ್ವನಿವರ್ಧಕ, ನಗಾರಿ ಸಂಘದ್ದು. ಹುಡುಗರು ಮಾಡಬೇಕಾದುದಿಷ್ಟೆ: ಯಾರು ಯಾರು ಬಂದರು, ಎಷ್ಟು ಗಂಟೆ ನುಡಿಸಿದರು ಎಂಬ ಹಾಜರಿಪಟ್ಟಿ ತುಂಬಿ ಕೊಡುವುದು. ಸಾವಿರಾರು ತಂಡಗಳು ಹೀಗೆ ಪಳಗಿದುವು. ಇಂದಿಗೂ ಆ ದೇಶದ ಅಧ್ಯಯನ ಕೂಟಗಳ ಗಂಟೆಗಳಲ್ಲಿ ಅತಿ ದೊಡ್ಡ ಪಾಲು ಸಂಗೀತದ್ದೇ. ಮೂರನೆಯ ದರ್ಜೆಯ ನೂರಾರು ತಂಡಗಳು ಬಂದು ಹೋಗಿರಬೇಕು. ನೆರೆಹೊರೆಗೆ ಕಾಟ ಕೊಟ್ಟದ್ದೇ ಅವುಗಳ ಸಾಧನೆಯಿರಬಹುದು. ಆದರೆ ಆ ನೂರಾರರ ನಡುವೆಯೇ ‘ದಿ ಗ್ಯಾಲರಿ’ಯಂಥದು ಹುಟ್ಟುವುದಕ್ಕೆ ಬೇಕಾದ ಹವೆ ಇತ್ತು: ವಾದ್ಯ ಬಲ್ಲ ಗೆಳೆಯ ಪಕ್ಕದ ಬೀದಿಯಲ್ಲೇ ಸಿಗುವ ಹವೆ, ಒಂದು ತಂಡ ಒಡೆದರೆ ಅದರ ಗಾಯಕನಿಗೆ ಮರುದಿನವೇ ಇನ್ನೊಂದು ಕಾದಿರುವ ಹವೆ.

ಈಗ ಆ ನೆಲದಿಂದ ಮಣ್ಣು ಎತ್ತುತ್ತಿದ್ದಾರೆ. 2023ರ ಶರತ್ಕಾಲದ ಆಯವ್ಯಯದಲ್ಲಿ ಸ್ವೀಡನ್ ಸರಕಾರ ಅಧ್ಯಯನ ಸಂಘಗಳ ಅನುದಾನಕ್ಕೆ ಕತ್ತರಿ ಹಾಕಿತು. 2024ಕ್ಕೆ 25 ಕೋಟಿ ಕ್ರೋನ, 2025ಕ್ಕೆ 35 ಕೋಟಿ, 2026ರಿಂದ 50 ಕೋಟಿ, ಹೀಗೆ ಮೆಟ್ಟಲು ಮೆಟ್ಟಲಾಗಿ ಇಳಿಕೆ. ಕಡೆಯ ಮೆಟ್ಟಲಿನಲ್ಲಿ ಹೋಗುವುದು ಹಿಂದಿನ ಅನುದಾನದ ಕಾಲುಭಾಗಕ್ಕಿಂತ ಹೆಚ್ಚು. ಪುರಸಭೆಗಳ ನೆರವು ಅದಕ್ಕೂ ಬಹಳ ಮೊದಲಿನಿಂದಲೇ ಸೊರಗುತ್ತ ಬಂದಿತ್ತು. ಸಂಘಗಳು ನೌಕರರನ್ನು ಬಿಡಬೇಕಾಯಿತು, ಶುಲ್ಕ ಏರಿಸಬೇಕಾಯಿತು, ಊರೂರುಗಳಲ್ಲಿ ತಾಲೀಮಿನ ಕೋಣೆಗಳಿಗೆ ಬೀಗ ಬೀಳತೊಡಗಿತು. ದೊಡ್ಡ ನಗರದಲ್ಲಿ ಖಾಸಗಿ ಕೋಣೆಗಳಾದರೂ ಸಿಕ್ಕಾವು. ಚಿಕ್ಕ ಊರಿನಲ್ಲಿ ಸಂಘದ ಕೋಣೆ ಮುಚ್ಚಿತೆಂದರೆ ನಗಾರಿ ಬಾರಿಸಲು ಜಾಗವೇ ಇಲ್ಲ. ಮನೆಯೊಳಗೆ ಗಿಟಾರು ಕಲಿಯಬಹುದು. ನಗಾರಿ ಕಲಿತರೆ ಆರು ಮನೆಯವರು ಬಾಗಿಲು ತಟ್ಟುತ್ತಾರೆ. ಕೋಣೆಯ ಪ್ರಶ್ನೆ ಕೊನೆಗೆ ನಗಾರಿಯ ಪ್ರಶ್ನೆ ಎಂದು ನನ್ನ ವಿದ್ಯಾರ್ಥಿ ಹೇಳಿದ ಮಾತನ್ನು ನಾನು ಒಪ್ಪಿದೆ.

ಸರಕಾರದ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ಹಣದುಬ್ಬರದ ದಿನಗಳು, ಆದ್ಯತೆ ಯಾವುದಕ್ಕೆಂಬ ಪ್ರಶ್ನೆ ಎಲ್ಲ ಸರಕಾರಗಳಿಗೂ ಇದೆ. ಅದಕ್ಕಿಂತ ತೂಕವಾದ ವಾದ ಇನ್ನೊಂದು. ಅಧ್ಯಯನ ಕೂಟಗಳ ಲೆಕ್ಕದಲ್ಲಿ ಕಪಟ ನಡೆದಿತ್ತು. ನಡೆಯದ ಕೂಟಗಳ ಹೆಸರಿನಲ್ಲಿ, ಬಾರದ ಜನರ ಹೆಸರಿನಲ್ಲಿ ಹಾಜರಿಪಟ್ಟಿಗಳು ತುಂಬಿ, ಅವುಗಳ ಮೇಲೆ ಅನುದಾನ ಹೋಗಿದ್ದುದು ಕೆಲವೆಡೆ ಬಯಲಾಗಿ, ಸಂಘಗಳು ತಾವೇ ಹಣ ಹಿಂದಿರುಗಿಸಬೇಕಾಗಿ ಬಂದಿತ್ತು. 2022ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧಕರು ಈ ಅನುದಾನದ ಹತೋಟಿ ಸಾಲದೆಂದು ವರದಿ ಕೊಟ್ಟರು. ತೆರಿಗೆಯವರ ದುಡ್ಡು ಹೀಗೆ ಹೋಗಕೂಡದೆಂಬುದನ್ನು ಅಲ್ಲಗಳೆಯುವವರು ಯಾರು? ಕಲಿಕೆಯನ್ನು ಗಂಟೆಯಲ್ಲಿ ಅಳೆದು ಗಂಟೆಗೆ ಇಷ್ಟೆಂದು ದುಡ್ಡು ಕೊಡುವ ಪದ್ಧತಿ ಇರುವಲ್ಲಿ ಗಂಟೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ವಿದ್ಯಾಸಂಸ್ಥೆಯೊಂದರಲ್ಲಿ ಇಷ್ಟು ವರ್ಷ ಹಾಜರಿ ಬರೆದ ನಾನು ಈ ವಿಷಯದಲ್ಲಿ ಉಪದೇಶ ಕೇಳಬೇಕಾಗಿಲ್ಲ.

ಆದರೆ ಸುಳ್ಳು ಲೆಕ್ಕಕ್ಕೆ ಮದ್ದು ಒಳ್ಳೆಯ ಲೆಕ್ಕ, ಕೋಣೆ ಮುಚ್ಚುವುದಲ್ಲ. ಕಡಿತ ಬಿದ್ದುದು ಕಳ್ಳಪಟ್ಟಿ ಬರೆದವರ ಮೇಲೆ ಮಾತ್ರವಲ್ಲ, ಎಲ್ಲರ ಮೇಲೂ. ಕಳೆ ಕೀಳುವವನು ಪೈರಿನ ಕಾಲುಭಾಗವನ್ನೂ ಕಿತ್ತು ಗದ್ದೆ ಚೊಕ್ಕಟವಾಯಿತೆಂದರೆ ಯಾವ ರೈತ ಒಪ್ಪಿಯಾನು? ನನಗೆ ಹೆಚ್ಚು ಚಿಂತೆಯೆನಿಸುವುದು ಇದರ ಹಿಂದಿರುವ ಒಂದು ನಂಬಿಕೆ. ಉಪಯೋಗ ಕಣ್ಣಿಗೆ ಕಾಣುವ ಕಲಿಕೆಗೆ ಹಣ ಕೊಡಬೇಕು, ಉಳಿದುದು ಅವರವರ ಹವ್ಯಾಸ ಎಂಬ ನಂಬಿಕೆ. 1989ರಲ್ಲಿ ಬಿಲ್‌ಡಾಲಿಗೆ ಒಬ್ಬ ಅಧಿಕಾರಿಯನ್ನು ಕಳುಹಿಸಿ, ಈ ಹದಿನೈದರ ಹುಡುಗರ ಗದ್ದಲದಿಂದ ದೇಶಕ್ಕೇನು ಪ್ರಯೋಜನವೆಂದು ವರದಿ ಕೇಳಿದ್ದರೆ ಅವನು ಏನು ಬರೆಯುತ್ತಿದ್ದ? ಅವರು ತಮ್ಮ ತಂಡಕ್ಕೆ ಆಗ ಇಟ್ಟುಕೊಂಡಿದ್ದ ಹೆಸರು ‘ಸೆಪ್ಟಿಕ್ ಬ್ರಾಯ್ಲರ್’. ಕೊಳೆತ ಕೋಳಿ ಎಂದು ಹೇಳಿದರೆ ಅರ್ಥ ಹತ್ತಿರ ಬಂದೀತು. ಯಾವ ಪ್ರಾಮಾಣಿಕ ಅಧಿಕಾರಿಯೂ ಆ ಹೆಸರಿನ ಮುಂದೆ ‘ಶಿಫಾರಸು ಮಾಡಿದೆ’ ಎಂದು ಬರೆಯುತ್ತಿರಲಿಲ್ಲ. ಆ ವ್ಯವಸ್ಥೆಯ ದೊಡ್ಡತನವಿದ್ದುದು ಯಾರೂ ಹಾಗೆ ಕೇಳದಿದ್ದುದರಲ್ಲಿ. ಮೂವರು ಬಂದರೆ, ಬಂದೆವೆಂದು ಬರೆದರೆ, ಕೋಣೆ ಸಿಗುತ್ತಿತ್ತು.

ಇದು ಪೂರ್ತಿ ಹೊರಗಿನವರ ಕಥೆಯೂ ಅಲ್ಲ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಆ ಕಡೆಯ ನಾಡುಗಳತ್ತಲೇ ಕಣ್ಣಿಟ್ಟು, ಡೆನ್ಮಾರ್ಕಿನ ಜನತಾಶಾಲೆಗಳ ಮಾದರಿಯಲ್ಲಿ ನಂಜನಗೂಡು ಮೊದಲಾದೆಡೆ ವಿದ್ಯಾಪೀಠಗಳನ್ನು ತೆರೆದಿತ್ತು. ಪರೀಕ್ಷೆಗಾಗಿ ಅಲ್ಲದೆ ಬದುಕಿಗಾಗಿ ಕಲಿಯುವುದೆಂಬ ಆಸೆ ನಮ್ಮ ಹಿರಿಯರಿಗೂ ಇತ್ತು. ಆ ವಿದ್ಯಾಪೀಠಗಳ ಹೆಸರನ್ನು ಇಂದು ನನ್ನ ತರಗತಿಯಲ್ಲಿ ಬಲ್ಲವರಿಲ್ಲ. ಸ್ವೀಡನ್ನಿನವರು ನಮಗಿಂತ ಅದೃಷ್ಟವಂತರು. ಅವರ ಜನತಾಶಾಲೆಗಳು 1868ರಿಂದಲೂ ನಡೆದುಬಂದಿವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಅಧ್ಯಾಪಕರ ಕೊಠಡಿಯಲ್ಲಿ ಬಂದೂ ಬಂತು. ಬಂಡಾಯದ ಕಲೆಗೆ ಸರಕಾರದ ಹಣವೇಕೆ? ಸರಕಾರ ಕೊಟ್ಟ ಕೋಣೆಯಲ್ಲಿ ಕುಳಿತು ಕೂಗುವುದು ಎಂಥ ಬಂಡಾಯ? ಮಾತು ಚುರುಕಾಗಿದೆ. ಅದಕ್ಕೆ ನನ್ನ ಉತ್ತರ ‘ದಿ ಗ್ಯಾಲರಿ’ಯಲ್ಲಿಯೇ ಇದೆ. ಅಲ್ಲಿ ಕೇಳಿಬರುವುದು ಬಂಡಾಯವೆಂದು ನನಗೆ ಅನ್ನಿಸಿಲ್ಲ. ಅನ್ನ, ಸೂರು, ಶಾಲೆ ಎಲ್ಲ ಸರಿಯಾಗಿರುವ ದೇಶದಲ್ಲಿ, ಚಳಿಗಾಲದ ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ, ಹರೆಯಕ್ಕೆ ಬರುವ ಕಾರಣವಿಲ್ಲದ ದುಃಖಕ್ಕೆ ಅವರು ಒಂದು ರೂಪ ಕೊಟ್ಟರು. ಆ ದುಃಖವನ್ನು ಯಾವ ಅನುದಾನವೂ ಕೊಡಲಾರದು, ಕಳೆಯಲಾರದು. ರೂಪ ಕೊಡುವುದನ್ನು ಕಲಿಯಲು ಮಾತ್ರ ಒಂದು ಕೋಣೆ ಬೇಕು, ಜತೆಗೆ ಮೂವರು ಬೇಕು, ಕೆಟ್ಟದಾಗಿ ನುಡಿಸಲು ನಾಲ್ಕಾರು ವರ್ಷ ಬೇಕು. ಅದೇ 1990ರ ದಶಕದ ಮೊದಲಲ್ಲಿ ನೆರೆಯ ನಾರ್ವೆಯಲ್ಲಿ ಇಂಥದೇ ಸಂಗೀತದ ಕೆಲವರು ಮರದ ಹಳೆಯ ಚರ್ಚುಗಳಿಗೆ ಬೆಂಕಿಯಿಟ್ಟರು. ಪತ್ರಿಕೆಗಳು ಅದನ್ನೇ ದೊಡ್ಡದಾಗಿ ಅಚ್ಚುಹಾಕಿದುವು. ಮೂರನೆಯ ವಾದ್ಯದ ಶ್ರುತಿ ಸೇರುವವರೆಗೆ ನೆಲಮಾಳಿಗೆಯಲ್ಲಿ ಕಾದವರ ಸುದ್ದಿ ಯಾವ ಪತ್ರಿಕೆಯಲ್ಲಿ ಬಂದೀತು?

ಆ ತಂಡ ಇನ್ನೂ ಇದೆ. 2024ರ ಆಗಸ್ಟಿನಲ್ಲಿ ಹದಿಮೂರನೆಯ ಆಲ್ಬಂ ತಂದಿತು. ಮೊದಲಿನವರಲ್ಲಿ ಉಳಿದಿರುವುದು ಸ್ಟಾನೆ ಒಬ್ಬರೇ. ‘ದಿ ಗ್ಯಾಲರಿ’ಯ ಎರಡು ಗಿಟಾರುಗಳಲ್ಲಿ ಒಂದನ್ನು ನುಡಿಸಿದ ಫ್ರೆಡ್ರಿಕ್ ಯೂಹಾನ್ಸನ್ 2022ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರನ್ನು ನೆನೆದು ಮಾಡಿದ ಹಾಡೊಂದು ಆ ಹೊಸ ಆಲ್ಬಮ್ಮಿನಲ್ಲಿದೆ. ಹುಡುಗ ಅದನ್ನೂ ಕೇಳಿಸಿದ. ಅದರಲ್ಲಿ ವೇಗವಿಲ್ಲ. ಹದಿಹರೆಯದ ಕಾರಣವಿಲ್ಲದ ದುಃಖಕ್ಕಾಗಿ ಕಲಿತ ವಿದ್ಯೆ, ಮೂವತ್ತು ವರ್ಷಗಳ ಮೇಲೆ, ನಿಜವಾಗಿ ಸತ್ತ ಗೆಳೆಯನಿಗಾಗಿ ಕೆಲಸಕ್ಕೆ ಬಂದಿತ್ತು.

ಮೊನ್ನೆ ಆ ವಿದ್ಯಾರ್ಥಿ ಮತ್ತೆ ಬಂದಿದ್ದ. ಅವನೂ ಇನ್ನಿಬ್ಬರೂ ಸೇರಿ ಏನೋ ನುಡಿಸಬೇಕೆಂದಿದ್ದಾರಂತೆ. ಒಬ್ಬನ ಹತ್ತಿರ ಹಳೆಯ ಗಿಟಾರಿದೆ, ನಗಾರಿಗೆ ಹಣ ಕೂಡಿಸುತ್ತಿದ್ದಾರೆ. ಸಂಜೆ ಐದರ ಮೇಲೆ ಹಳೆಯ ಕಟ್ಟಡದ ಮೂಲೆಯ ತರಗತಿ ಸಿಗಬಹುದೆ ಎಂದು ಕೇಳಿದ. ಪ್ರಾಂಶುಪಾಲರಿಗೆ ಅರ್ಜಿ ಬರೆಯಬೇಕು, ಉದ್ದೇಶದ ಕಾಲಮ್ಮಿನಲ್ಲಿ ಏನೆಂದು ಬರೆಯಲಿ ಸಾರ್ ಎಂದ. ನಾನು ಸ್ವಲ್ಪ ಹೊತ್ತು ಯೋಚಿಸಿ, “ಅಧ್ಯಯನ” ಎಂದು ಬರೆಸಿ, ಮೂವರ ಹೆಸರನ್ನೂ ಕೆಳಗೆ ಹಾಕಿಸಿದೆ.